ಕಿತ್ತಳೆಯ ಪರಿಮಳದ ಸಕ್ಕರೆ ಕಡಲೆಕಾಯಿ ಬೀಜ: ಬೀಜದ ಆಯ್ಕೆ ಮತ್ತು ಮನೆಯಲ್ಲಿ ತಯಾರಿಸುವ ಕ್ರಮ

ಕಾರ್ತಿಕ ಮಾಸವು ಮುಗಿಯುವ ವೇಳೆಗೆ ಚಳ್ಳಕೆರೆ, ಪಾವಗಡ ಮೊದಲಾದ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಮಳೆಯಾಶ್ರಯದ ಕಡಲೆಕಾಯಿಯನ್ನು ಕಿತ್ತು ಬಿಡಿಸುವ ಕೆಲಸವು ತೀರಿ, ಕಾಯಿಯು ಮನೆಯನ್ನು ಸೇರಿರುತ್ತದೆ. ಅದರ ಹಿಂದೆಯೇ ಕೊಡಗಿನ ಕಿತ್ತಳೆಯ ಮುಖ್ಯ ಫಸಲು ಮಾಗಿ ಸಂತೆಪೇಟೆಗಳಿಗೆ ಬರತೊಡಗುತ್ತದೆ. ಇವೆರಡರ ಬೆನ್ನಿಗೆ ಸಂಕ್ರಾಂತಿಯು ಬರುತ್ತದೆ. ಎಳ್ಳು ಬೆಲ್ಲಕ್ಕಾಗಿ ಕಡಲೆಕಾಯಿ ಬೀಜವನ್ನು ಹುರಿಯುವ ಪದ್ಧತಿಯು ನಮ್ಮ ಸೀಮೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ಪದರ ಪದರವಾಗಿ ಕೂಡಿಸಿ ಕುಸುರೆಳ್ಳು ಮಾಡುವ ವಿದ್ಯೆಯೂ ಉತ್ತರದ ಜಿಲ್ಲೆಗಳ ಗೃಹಿಣಿಯರಿಗೆ ಹೊಸದಲ್ಲ. ಅದೇ ವಿದ್ಯೆಯನ್ನು ಇನ್ನಷ್ಟು ಸುಲಭಗೊಳಿಸಿ ಕಡಲೆಕಾಯಿ ಬೀಜಕ್ಕೆ ಅನ್ವಯಿಸಿ, ಕಿತ್ತಳೆಯ ಸಿಪ್ಪೆಯ ಪರಿಮಳವನ್ನು ಕೂಡಿಸಿದಲ್ಲಿ, ಹಲವು ದಿನಗಳವರೆಗೆ ಕೆಡದಿರುವ ರುಚಿಕರವಾದ ತಿಂಡಿಯೊಂದು ಸಿದ್ಧವಾಗುತ್ತದೆ. ಇದಕ್ಕೆ ಬಾಣಲೆ, ಸಟ್ಟುಗ, ಮೊರ, ಒರಳು ಇವಿಷ್ಟೇ ಸಾಕು.

ಆದರೆ ಈ ತಿಂಡಿಗೆ ಒಂದು ಅವಗುಣವುಂಟು. ಸಕ್ಕರೆಯ ಲೇಪವು ಬೀಜದ ಬಣ್ಣವನ್ನು ಮುಚ್ಚುತ್ತದೆ. ಕಿತ್ತಳೆಯ ಪರಿಮಳವು ಬೀಜದ ಕಮಟು ವಾಸನೆಯನ್ನು ಮುಚ್ಚುತ್ತದೆ. ಬರಿಯ ಬೀಜವಾಗಿದ್ದರೆ ತಿನ್ನುವವನು ಉಗುಳಿಬಿಡಬಹುದಾದ ಕೆಟ್ಟ ಕಾಳನ್ನು ಲೇಪವಿದ್ದಾಗ ಸಂತೋಷದಿಂದ ನುಂಗುವನು. ಆದಕಾರಣ ಪಾಕದ ವಿಚಾರಕ್ಕಿಂತ ಮೊದಲು ಬೀಜದ ವಿಚಾರವನ್ನು ಹೇಳುವುದು ಯುಕ್ತವಾಗಿದೆ.

ಬೂಷ್ಟು ಹಿಡಿದ ಬೀಜದ ಅಪಾಯ

ಫಸಲು ಮನೆಗೆ ಬಂದ ಮೇಲೆ ತುಂಬಿದ ದಪ್ಪ ಕಾಯಿಯು ಮಂಡಿಗೆ ಹೋಗುವುದೂ, ಜೊಳ್ಳು, ಮುರುಕಲು, ಬಣ್ಣಗೆಟ್ಟ ಕಾಳುಗಳು ಮನೆಯ ಖರ್ಚಿಗೂ ಆಳುಗಳ ಪಾಲಿಗೂ ಉಳಿಯುವುದೂ ಹಲವೆಡೆ ಕಂಡುಬರುವ ರೂಢಿಯಾಗಿದೆ. ಇದನ್ನು ಮಿತವ್ಯಯವೆಂದು ತಿಳಿಯುವವರುಂಟು. ವಾಸ್ತವವಾಗಿ ಇದು ಮಿತವ್ಯಯವಲ್ಲ.

ಹಸಿಯಾಗಿರುವ ಕಡಲೆಕಾಯಿಯ ಮೇಲೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸುರು ಮಿಶ್ರಿತ ಹಳದಿ ಬಣ್ಣದ ಬೂಷ್ಟು ಬೆಳೆಯುತ್ತದೆ. ಇದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬೀಜದೊಳಗೆ ಉಂಟುಮಾಡುತ್ತದೆ. ೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಸಂಖ್ಯೆಯ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಲಾಗಿ ಈ ವಿಷವು ಮೊದಲು ಪತ್ತೆಯಾಯಿತು. ನಮ್ಮ ದೇಶದಲ್ಲಿಯೂ ೧೯೭೪ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಗ್ರಾಮಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡವರಿಗೆ ಕಾಮಾಲೆಯು ತಗಲಿ, ನೂರಕ್ಕೂ ಮಿಗಿಲಾದ ಜನರು ಪ್ರಾಣ ಕಳೆದುಕೊಂಡರು. ಅಲ್ಲಿಯೂ ಕಾರಣವು ಇದೇ ವಿಷವೇ ಆಗಿತ್ತು. ಈ ವಿಷವು ಅಲ್ಪಾಲ್ಪವಾಗಿ ಬಹುಕಾಲ ದೇಹವನ್ನು ಸೇರುತ್ತಿದ್ದರೆ ಯಕೃತ್ತಿನ ಕ್ಯಾನ್ಸರಿಗೆ ಎಡೆಯಾಗುತ್ತದೆ.

ಹುರಿದರೆ ಬೂಷ್ಟು ಸಾಯುತ್ತದೆ. ಆದರೆ ಅದು ಬಿಟ್ಟುಹೋದ ವಿಷವು ಪೂರ್ಣವಾಗಿ ಅಳಿಯುವುದಿಲ್ಲ. ಪಾಕದ ಕಾವಿಗೂ ಅದು ಅಳಿಯದು. ಆದಕಾರಣ ಕೆಟ್ಟ ಕಾಳನ್ನು ಆರಿಸಿ ತೆಗೆಯುವುದನ್ನು ಬಿಟ್ಟು ಮನೆಯಲ್ಲಿ ಮಾಡಬಹುದಾದ ಬೇರೆ ಉಪಾಯವಿಲ್ಲ. ಸಮಾಧಾನದ ಸಂಗತಿಯೆಂದರೆ, ರಾಶಿಯಲ್ಲಿ ವಿಷವು ಸಮನಾಗಿ ಹರಡಿರದೆ ಕೆಲವೇ ಕಾಳುಗಳಲ್ಲಿ ಸೇರಿಕೊಂಡಿರುತ್ತದೆ. ಆ ಕೆಲವನ್ನು ತೆಗೆದುಹಾಕಿದರೆ ಅಪಾಯದ ಬಹುಭಾಗವು ತಪ್ಪುತ್ತದೆ.

ಬೀಜವನ್ನು ಒಣಗಿಸುವುದು ಮತ್ತು ಆರಿಸುವುದು

ಕಿತ್ತ ಗಿಡಗಳನ್ನು ಕಾಯಿಗಳು ಮೇಲ್ಮುಖವಾಗಿರುವಂತೆ ಹೊಲದಲ್ಲಿಯೇ ಹರಡಿ ಬಾಡಿಸಿ, ಕಾಯಿ ಬಿಡಿಸಿದ ಮೇಲೆ ಮತ್ತೆ ಕಣದಲ್ಲಿ ತೆಳುವಾಗಿ ಹರಡಿ ಒಣಗಿಸತಕ್ಕದ್ದು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಬೀಜವು ಗಿಲಕಿಯಂತೆ ಸದ್ದುಮಾಡಬೇಕು. ಬೀಜವನ್ನು ಬೆರಳುಗಳ ನಡುವೆ ಉಜ್ಜಿದರೆ ಕೆಂಪು ಹೊಟ್ಟು ಸುಲಭವಾಗಿ ಬಿಡಬೇಕು. ತೂಕದಲ್ಲಿ ನೂರಕ್ಕೆ ಎಂಟು ಭಾಗಕ್ಕಿಂತ ಹೆಚ್ಚು ತೇವವುಳ್ಳ ಕಾಯಿಯನ್ನು ಚೀಲಕ್ಕೆ ತುಂಬಬಾರದು. ಸುಲಿಯಲು ಅನುಕೂಲವೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಒಣಗಿಸಲು ಪಟ್ಟ ಶ್ರಮವೆಲ್ಲವೂ ಆ ಒಂದು ತಂಬಿಗೆ ನೀರಿನಿಂದ ವ್ಯರ್ಥವಾಗುತ್ತದೆ.

ಸುಲಿದ ಬೀಜವನ್ನು ಬೆಳಕಿನಲ್ಲಿ ಮೊರದ ಮೇಲೆ ಹರಡಿ, ಸುಕ್ಕುಗಟ್ಟಿದವು, ಮೊಳೆತವು, ಹುಳು ತಿಂದವು, ಕಪ್ಪು ಅಥವಾ ಹಸುರು ಕಲೆಯುಳ್ಳವು, ಇವೆಲ್ಲವನ್ನೂ ತೆಗೆಯಬೇಕು. ಹುರಿದು ಹೊಟ್ಟು ಕೇರಿದ ಮೇಲೆ ಎರಡನೆಯ ಸಲ ಆರಿಸುವುದು ಇನ್ನೂ ಮುಖ್ಯವಾದದ್ದು. ಹೊಟ್ಟಿನ ಅಡಿಯಲ್ಲಿ ಅಡಗಿದ್ದ ಬಣ್ಣಗೆಟ್ಟ ಕಾಳು ಆಗ ಸ್ಪಷ್ಟವಾಗಿ ಕಾಣುತ್ತದೆ. ಕಹಿಯಾದ ಕಾಳು ಬಾಯಿಗೆ ಸಿಕ್ಕಿದರೆ ನುಂಗದೆ ಉಗುಳುವಂತೆ ಮಕ್ಕಳಿಗೆ ಕಲಿಸತಕ್ಕದ್ದು.

ಹೀಗೆ ತೆಗೆದ ಕಾಳನ್ನು ದನಕ್ಕೂ ಕೋಳಿಗೂ ಹಾಕಬಾರದು. ಹಸುವು ತಿಂದ ವಿಷವು ರೂಪಾಂತರ ಹೊಂದಿ ಹಾಲಿಗೆ ಇಳಿಯುತ್ತದೆ. ಆ ಹಾಲು ಮತ್ತೆ ಮನೆಯ ಮಕ್ಕಳಿಗೇ ಬರುತ್ತದೆ. ಗಾಣಕ್ಕೆ ಹಾಕಿದರೂ ಶುದ್ಧಿಮಾಡದ ಎಣ್ಣೆಯಲ್ಲಿ ಸ್ವಲ್ಪವೂ, ಹಿಂಡಿಯಲ್ಲಿ ಹೆಚ್ಚಾಗಿಯೂ ವಿಷವು ಉಳಿಯುತ್ತದೆ. ಅದನ್ನು ಸುಡುವುದು ಅಥವಾ ಆಳವಾಗಿ ಹೂಳುವುದೇ ಸರಿಯಾದ ಮಾರ್ಗ.

ಪರಿಮಳವಿರುವ ಸ್ಥಳ

ಕಿತ್ತಳೆಯ ಪರಿಮಳವು ರಸದಲ್ಲಿದೆಯೆಂದು ಬಹುಮಂದಿ ತಿಳಿದಿರುತ್ತಾರೆ. ವಾಸ್ತವದಲ್ಲಿ ಅದು ಹೊರಸಿಪ್ಪೆಯಲ್ಲಿ ಸೂಜಿಯ ಮೊನೆಯಷ್ಟು ಸಣ್ಣದಾಗಿ ಕಾಣುವ ಎಣ್ಣೆಯ ಚೀಲಗಳಲ್ಲಿ ಅಡಗಿದೆ. ಸಿಪ್ಪೆಯನ್ನು ದೀಪದ ಎದುರಿಗೆ ಹಿಡಿದು ಮಡಿಸಿ ಹಿಚುಕಿದರೆ ಹನಿಗಳು ಚಿಮ್ಮಿ ಉರಿಯುವುದರಿಂದ ಇದು ಸ್ಪಷ್ಟವಾಗುತ್ತದೆ. ಈ ಎಣ್ಣೆಯು ಕಾವಿಗೆ ಬೇಗನೆ ಹಾರಿಹೋಗುತ್ತದೆ. ಆದಕಾರಣ ಸಿಪ್ಪೆಯನ್ನು ಪಾಕದೊಡನೆ ಕುದಿಸಿದರೆ ಅಡಿಗೆಮನೆಯು ಘಮಘಮಿಸುವುದೇ ಹೊರತು ತಿಂಡಿಯಲ್ಲಿ ಪರಿಮಳವು ನಿಲ್ಲದು. ಹೊರಸಿಪ್ಪೆಯ ಒಳಗಿನ ಬಿಳಿಯ ಭಾಗವು ಕಹಿಯಾದದ್ದು. ಅದನ್ನು ಹೆರೆದು ತೆಗೆಯತಕ್ಕದ್ದು.

ತಮ್ಮ ಹಿತ್ತಿಲಿನ ಅಥವಾ ಗುರುತಿನ ತೋಟದ ಹಣ್ಣು ಉತ್ತಮ. ದೂರದಿಂದ ಬರುವ ಹಣ್ಣಿಗೆ ಹೊಳಪಿಗಾಗಿ ಮೇಣವನ್ನೂ, ಕೊಳೆಯದಿರಲೆಂದು ಔಷಧವನ್ನೂ ಲೇಪಿಸುವ ಪದ್ಧತಿಯುಂಟು. ಅಂತಹ ಸಿಪ್ಪೆಯು ಈ ಕೆಲಸಕ್ಕೆ ಯೋಗ್ಯವಲ್ಲ. ಇತ್ತೀಚೆಗೆ ಕೀಟನಾಶಕವನ್ನು ಸಿಂಪಡಿಸಿದ ಗಿಡದ ಹಣ್ಣನ್ನೂ ಬಳಸಬಾರದು. ಕಿತ್ತಳೆ ದೊರೆಯದ ಕಡೆ ನಿಂಬೆಯ ಸಿಪ್ಪೆಯನ್ನು ಇದೇ ರೀತಿ ಬಳಸಬಹುದು. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ನಿಂಬೆಯು ಹೇರಳವಾಗಿರುವುದರಿಂದ ಅಲ್ಲಿನವರಿಗೆ ಇದು ಹೆಚ್ಚು ಅನುಕೂಲ.

ಪಾಕದಲ್ಲಿ ಹುಳಿ ಬೆರೆಯಬಾರದು

ಈ ತಿಂಡಿಯು ಕೆಡುವುದು ಬಹುಮಟ್ಟಿಗೆ ಒಂದೇ ತಪ್ಪಿನಿಂದ. ರುಚಿಗಾಗಿ ಪಾಕಕ್ಕೆ ಕಿತ್ತಳೆಯ ಅಥವಾ ನಿಂಬೆಯ ರಸವನ್ನು ಹಿಂಡುವುದೇ ಆ ತಪ್ಪು. ಹುಳಿಯೊಡನೆ ಕುದಿದ ಸಕ್ಕರೆಯು ಒಡೆದು ಎರಡು ಬಗೆಯ ಬೇರೆ ಸಕ್ಕರೆಗಳಾಗುತ್ತದೆ. ಇವು ಹರಳುಗಟ್ಟುವುದಕ್ಕೆ ಅಡ್ಡಿಮಾಡುತ್ತವೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಜಾಮೂನಿನ ಪಾಕಕ್ಕೆ ನಾಲ್ಕು ತೊಟ್ಟು ನಿಂಬೆರಸ ಹಿಂಡುವುದು ಪಾಕವು ಹರಳಾಗದಿರಲೆಂದೇ. ಅಲ್ಲಿ ಗುಣವಾದದ್ದು ಇಲ್ಲಿ ದೋಷವಾಗುತ್ತದೆ: ಲೇಪವು ಒಣಗದೆ ಕೈಗೆ ಅಂಟುತ್ತದೆ. ಬೆಲ್ಲದಲ್ಲಿಯೂ ಅಂತಹ ಸಕ್ಕರೆಯು ಸಹಜವಾಗಿಯೇ ಇರುವುದರಿಂದ ಬೆಲ್ಲದ ಲೇಪವು ಗರಿಗರಿಯಾಗಿ ಬಹಳ ದಿನ ನಿಲ್ಲದು. ಬೆಲ್ಲವನ್ನು ಚಿಕ್ಕಿಗೂ ಉಂಡೆಗೂ ಉಪಯೋಗಿಸುವುದು ಲೇಸು.

ಹುಳಿ ಬೇಕೇಬೇಕೆನ್ನುವವರು, ತಿಂಡಿಯು ಪೂರ್ಣವಾಗಿ ಆರಿದ ಮೇಲೆ ಚಿಟಿಕೆಯಷ್ಟು ನಿಂಬೆ ಉಪ್ಪಿನ ಪುಡಿಯನ್ನು ಒಣ ಸಕ್ಕರೆಯ ಪುಡಿಯಲ್ಲಿ ಬೆರೆಸಿ ಮೇಲೆ ಉದುರಿಸಬಹುದು.

ಬೇಕಾಗುವ ಪದಾರ್ಥಗಳು

ಹುರಿದು, ಹೊಟ್ಟು ಕೇರಿ, ಎರಡು ಸಲ ಆರಿಸಿದ ಕಡಲೆಕಾಯಿ ಬೀಜ ೧ ಕಿಲೋಗ್ರಾಂ, ಸಕ್ಕರೆ ೬೦೦ ಗ್ರಾಂ, ನೀರು ೨೦೦ ಮಿಲಿಲೀಟರ್, ನಾಲ್ಕು ಕಿತ್ತಳೆ ಹಣ್ಣುಗಳ ಸಿಪ್ಪೆ, ಚಿಟಿಕೆ ಉಪ್ಪು.

ತಯಾರಿಸುವ ಕ್ರಮ

ಮೊದಲನೆಯ ದಿನ: ಹಣ್ಣುಗಳನ್ನು ಚೆನ್ನಾಗಿ ತೊಳೆದು ಒರಸಿ, ಸಿಪ್ಪೆಯನ್ನು ಸುಲಿದು, ಒಳಗಿನ ಬಿಳಿಯ ಭಾಗವನ್ನು ಚಮಚದ ಅಂಚಿನಿಂದ ಹೆರೆದು ತೆಗೆಯಬೇಕು. ಉಳಿದ ತೆಳು ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ೧೦೦ ಗ್ರಾಂ ಸಕ್ಕರೆಯೊಡನೆ ಒರಳಿನಲ್ಲಿ ಹಾಕಿ ಕುಟ್ಟಬೇಕು. ಸಕ್ಕರೆಯ ಹರಳುಗಳು ಎಣ್ಣೆಯ ಚೀಲಗಳನ್ನು ಸೀಳಿ ಪರಿಮಳವನ್ನು ಹೀರಿಕೊಳ್ಳುತ್ತವೆ. ಇದನ್ನು ತಟ್ಟೆಯಲ್ಲಿ ಹರಡಿ, ತೆಳುಬಟ್ಟೆ ಮುಚ್ಚಿ, ನೆರಳಿನಲ್ಲಿಯೇ ಒಣಗಿಸತಕ್ಕದ್ದು. ಬಿಸಿಲಿನಲ್ಲಿಟ್ಟರೆ ಪರಿಮಳವು ಹಾರಿಹೋಗುವುದು. ಒಣಗಿದ ಮೇಲೆ ಪುಡಿಮಾಡಿ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು.

ಎರಡನೆಯ ದಿನ: ಬೀಜವನ್ನು ಕಾದ ಮರಳಿನಲ್ಲಿ ಅಥವಾ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಡದೆ ಕೈಯಾಡಿಸುತ್ತ ಹುರಿಯಬೇಕು. ಉರಿ ದೊಡ್ಡದಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಮರಳಿನಲ್ಲಿ ಹುರಿದದ್ದನ್ನು ಜರಡಿ ಹಿಡಿದು ಮರಳನ್ನು ಪೂರ್ತಿಯಾಗಿ ಬೇರ್ಪಡಿಸಬೇಕು. ಹೊಟ್ಟು ಕೇರಿ, ಆರಿಸಿ, ಬೀಜವನ್ನು ಬೆಚ್ಚಗಿಡಬೇಕು.

ಅನಂತರ ಉಳಿದ ೫೦೦ ಗ್ರಾಂ ಸಕ್ಕರೆಯನ್ನೂ ಉಪ್ಪನ್ನೂ ನೀರಿನಲ್ಲಿ ಕರಗಿಸಿ ಕಾಯಿಸಬೇಕು. ಕರಗಿದ ಮೇಲೆ ಕದಡದೆ ಕುದಿಯಲು ಬಿಡತಕ್ಕದ್ದು. ಒಂದೆಳೆ ಪಾಕವನ್ನು ದಾಟಿ, ತಣ್ಣೀರಿನ ಬಟ್ಟಲಿಗೆ ಬಿಟ್ಟ ತೊಟ್ಟು ಬೆರಳಿನಲ್ಲಿ ಮೆತ್ತಗಿನ ಉಂಡೆಯಾಗುವ ಹದವು ಬಂದಾಗ, ಅಂದರೆ ಸುಮಾರು ೧೧೫ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ, ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಬೇಕು. ಬೆಚ್ಚಗಿನ ಬೀಜವನ್ನು ಒಮ್ಮೆಗೇ ಸುರಿದು ಎಲ್ಲ ಕಾಳಿಗೂ ಪಾಕವು ಹತ್ತುವಂತೆ ಸಟ್ಟುಗದಿಂದ ತಿರುವುತ್ತಿರಬೇಕು. ಪಾಕವು ಮಂಜಾಗಿ ಬೆಳ್ಳಗಾಗಲು ತೊಡಗಿದ ಕೂಡಲೆ ಪರಿಮಳದ ಸಕ್ಕರೆಯನ್ನು ಉದುರಿಸಿ ಬೇಗಬೇಗನೆ ಕಲಸತಕ್ಕದ್ದು. ಈ ಒಣ ಸಕ್ಕರೆಯು ಪರಿಮಳವನ್ನು ಕೊಡುವುದಲ್ಲದೆ, ಹಾಲಿಗೆ ಹೆಪ್ಪು ಹಾಕಿದಂತೆ ಉಳಿದ ಪಾಕವು ಹರಳುಗಟ್ಟಲೂ ನೆರವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಪಾಕವು ಮರಳಿನಂತಾಗಿ ಕಾಳುಗಳು ಬಿಡಿಬಿಡಿಯಾಗುತ್ತವೆ.

ಇದನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ, ಅಂಟಿಕೊಂಡ ಕಾಳುಗಳನ್ನು ಬಿಡಿಸಿ, ಬಟ್ಟೆ ಮುಚ್ಚಿ ಕೆಲವು ಗಂಟೆಗಳ ಕಾಲ ಆರಿಸಬೇಕು. ಕುದಿಯುವ ಪಾಕವು ಮೈಗೆ ಸಿಡಿದರೆ ನೀರಿನಂತೆ ಜಾರಿಹೋಗದೆ ಅಂಟಿಕೊಂಡು ಸುಡುವುದರಿಂದ ಮಕ್ಕಳನ್ನು ಒಲೆಯ ಬಳಿಗೆ ಬಿಡಬಾರದು.

ಹದ ತಪ್ಪಿದಾಗ

ಬೀಜವು ಅಂಟಂಟಾಗಿ ಉಳಿದರೆ ಪಾಕವು ಎಳೆಯದಾಗಿತ್ತೆಂದು ತಿಳಿಯಬೇಕು. ಬಾಣಲೆಯನ್ನು ಮತ್ತೆ ಸಣ್ಣ ಉರಿಯ ಮೇಲಿಟ್ಟು ಬಿಡದೆ ಕೈಯಾಡಿಸಿದರೆ ಸರಿಹೋಗುತ್ತದೆ. ಬೀಜ ಹಾಕುವ ಮೊದಲೇ ಪಾಕವು ಹರಳಾದರೆ ಸ್ವಲ್ಪ ನೀರು ಸೇರಿಸಿ ಕರಗಿಸಿ ಪುನಃ ಹದಕ್ಕೆ ತರಬಹುದು. ಪಾಕವು ಕೆಂಪಾಗಿ ಸೀದ ವಾಸನೆ ಬಂದರೆ ಮಾತ್ರ ಅದಕ್ಕೆ ಪರಿಹಾರವಿಲ್ಲ.

ಶೇಖರಣೆ ಮತ್ತು ವಿನಿಯೋಗ

ಕಡಲೆಕಾಯಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾಗವು ಎಣ್ಣೆಯೇ ಆಗಿರುವುದರಿಂದ ಗಾಳಿ, ಬೆಳಕು, ಕಾವು ತಗಲಿದರೆ ಕಮಟುತ್ತದೆ. ಪೂರ್ಣವಾಗಿ ಆರಿದ ಮೇಲೆ ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ತಂಪಾದ ಸ್ಥಳದಲ್ಲಿಟ್ಟು, ಎರಡು ಮೂರು ವಾರಗಳೊಳಗೆ ಉಪಯೋಗಿಸುವುದು ಉತ್ತಮ. ಬಿಸಿಯಿರುವಾಗಲೇ ತುಂಬಿದರೆ ಹಬೆಯ ನೀರು ನಿಂತು ಲೇಪವು ಕರಗುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜವನ್ನು ಕೊಡಬಾರದು. ಅದು ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳುವ ಭಯವುಂಟು. ಕಡಲೆಕಾಯಿ ಒಗ್ಗದವರೂ ಇರುವುದರಿಂದ ಹಂಚುವಾಗ ಇದರಲ್ಲಿರುವುದೇನೆಂದು ಹೇಳಿ ಹಂಚತಕ್ಕದ್ದು. ಮಾರಾಟ ಮಾಡಲು ಇಚ್ಛಿಸುವ ಸ್ತ್ರೀಯರ ಸಂಘಗಳು ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಿಕೊಳ್ಳುವುದು ಅವಶ್ಯಕ.

ಗ್ರಾಮದ ಪ್ರಮುಖರ ಮನೆಯಲ್ಲಿ ನಡೆಯುವುದನ್ನು ಊರು ನೋಡಿ ಅನುಸರಿಸುತ್ತದೆ. ಮಂಡಿಗೆ ಹೋಗುವ ರಾಶಿಯಿಂದಲೇ ಹಬ್ಬಕ್ಕೆಂದು ನಾಲ್ಕು ಸೇರು ತುಂಬಿದ ಕಾಯಿಯನ್ನು ತೆಗೆದಿರಿಸಿ, ಆರಿಸಿ ಉಳಿದ ಕೆಟ್ಟ ಕಾಳನ್ನು ಎಲ್ಲರೆದುರಿಗೆ ಸುಟ್ಟರೆ, ಆ ಊರಿನಲ್ಲಿ ಬೇರೆ ಉಪದೇಶವು ಬೇಕಾಗದು. ಜಮೀನುದಾರನ ಮಗುವೂ, ಆ ಕಾಯಿಯನ್ನು ಕಿತ್ತು ಬಿಡಿಸಿದ ಆಳಿನ ಮಗುವೂ ಒಂದೇ ತಟ್ಟೆಯಿಂದ ನಿರ್ಭಯವಾಗಿ ತೆಗೆದು ತಿನ್ನಬಹುದಾದ ಬೀಜಕ್ಕೆ ಮಾತ್ರ ಸಕ್ಕರೆಯ ಲೇಪವನ್ನು ಕೊಡತಕ್ಕದ್ದು.