ಮನೆಯ ಮೇಲಿನ ಡಿಶ್‌ಗೆ ಭೂಸಂಪರ್ಕ: ಎರೆ ಸೀಮೆಯಲ್ಲಿ ಗಮನಿಸತಕ್ಕ ಸಂಗತಿಗಳು

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂಥ ಎರೆ ಸೀಮೆಯ ಊರುಗಳಲ್ಲಿ ಮಾಳಿಗೆಯ ಕುಂಬಿಯ ಮೇಲೆ ಡಿಶ್ ಕಾಣುವದು ಈಗ ಸಾಮಾನ್ಯ ಸಂಗತಿಯಾಗಿದೆ. ಹವೆಯ ಮುನ್ಸೂಚನೆ, ಪೇಟೆಯ ಧಾರಣಿ, ಒಕ್ಕಲುತನದ ಮಾತು ಇವೆಲ್ಲ ಅದರಿಂದ ಮನೆಯೊಳಗೇ ಕೇಳಬರುವವು. ಆದರೆ ಡಿಶ್ ಕೂಡಿಸುವವರು ಚಿತ್ರವು ಸ್ವಚ್ಛವಾಗಿ ಮೂಡಿದ ಕೂಡಲೆ ತಮ್ಮ ಕೆಲಸ ಮುಗಿಯಿತೆಂದು ಏಣಿ ಇಳಿದು ಹೋಗುವದೇ ಬಹಳ. ಅದರ ಕಂಬಕ್ಕೂ ತಂತಿಗೂ ಭೂಸಂಪರ್ಕ, ಅಂದರೆ ಜನರು ಅರ್ಥಿಂಗ್ ಎಂದು ಕರೆಯುವ ವ್ಯವಸ್ಥೆ, ಆಗಿದೆಯೋ ಇಲ್ಲವೋ ಎಂಬದನ್ನು ಮನೆಯ ಯಜಮಾನನು ಕೇಳುವದಿಲ್ಲ, ಕೂಡಿಸುವವನು ಹೇಳುವದಿಲ್ಲ.

ಆಕಾಶದ ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಚಿತ್ರ ಬರುವದು ನಮ್ಮ ಭಾಗಕ್ಕೆ ಹೊಸದಲ್ಲ. 1975ನೆಯ ಇಸವಿಯ ಅಗಸ್ಟ 1ರಿಂದ 1976ರ ಜುಲೈ 31ರ ವರೆಗೆ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೇರಿಕೆಯ ಎಟಿಎಸ್-6 ಉಪಗ್ರಹದ ಮುಖಾಂತರ ಕಾರ್ಯಕ್ರಮಗಳು ಬಂದವು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಆಗಿನ ಡಿಶ್ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರು ಅಗಲದ್ದು. ಊರಿಗೆ ಒಂದೇ, ಅದರ ಮೇಲ್ವಿಚಾರಣೆಗೆ ತಿಳಿದ ಜನರಿದ್ದರು. 2004ರ ಡಿಸೆಂಬರದಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಪ್ರಾರಂಭವಾದ ಮೇಲೆ ಎರಡು-ಮೂರು ಫೂಟು ಅಗಲದ ಡಿಶ್ ಬಡವರ ಮನೆಯನ್ನೂ ಸೇರಿತು. ಮೇಲ್ವಿಚಾರಣೆ ಮಾತ್ರ ಯಾರ ಪಾಲಿಗೂ ಉಳಿಯಲಿಲ್ಲ.

ಇಲ್ಲಿ ಅಪಾಯ ಎರಡು ಬಗೆಯದು. ಮೊದಲನೆಯದು ಮನೆಯೊಳಗಿನಿಂದ ಹೊರಗೆ ಹೋಗುವಂಥದು. ಸೆಟ್-ಟಾಪ್ ಪೆಟ್ಟಿಗೆಯು ಡಿಶ್‌ನ ಮುಂದಿರುವ ಎಲ್‌ಎನ್‌ಬಿ ಎಂಬ ಯಂತ್ರಕ್ಕೆ ಅದೇ ಕೇಬಲಿನ ಮೂಲಕ 13 ಅಥವಾ 18 ವೋಲ್ಟಿನ ವಿದ್ಯುತ್ತನ್ನು ಕಳಿಸುವದು. ಇದು ನಿರುಪದ್ರವಿ. ಆದರೆ ಪೆಟ್ಟಿಗೆಯಲ್ಲಿ ದೋಷವುಂಟಾದರೆ ಮನೆಯ 230 ವೋಲ್ಟಿನ ವಿದ್ಯುತ್ತೇ ಕೇಬಲಿನ ಹೊರಬಲೆಯನ್ನು ಹಿಡಿದು ಮಾಳಿಗೆಯ ಮೇಲಿನ ಕಂಬಕ್ಕೆ ಬರಬಹುದು. ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕುವವರು ಹೆಣ್ಣುಮಕ್ಕಳು. ಕಂಬ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ಅವರು ಹೇಳಿದಾಗ ನಕ್ಕು ಬಿಡಬಾರದು. ಆ ಕ್ಷಣವೇ ಪೆಟ್ಟಿಗೆಯ ಪ್ಲಗ್ ಕಿತ್ತು ವೈರಮನ್‌ನನ್ನು ಕರೆಸತಕ್ಕದ್ದು. ಡಿಶ್‌ನ ಕಂಬಕ್ಕೆ ಅರಿವೆ ಒಣಹಾಕುವ ತಂತಿಯನ್ನು ಕಟ್ಟುವ ರೂಢಿಯು ಕೆಲವೆಡೆ ಉಂಟು. ಇದು ಶುದ್ಧ ಅವಿಚಾರ.

ಎರಡನೆಯ ಅಪಾಯವು ಮುಗಿಲಿನದು. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ, ಅಂದರೆ ಎಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯ ವಾರದ ವರೆಗೆ, ಮಧ್ಯಾಹ್ನ ಕಾದ ನೆಲದ ಮೇಲೆ ಸಂಜೆಗೆ ಗುಡುಗು-ಮಿಂಚಿನ ಅಡ್ಡಮಳೆ ಸುರಿಯುವದು. ಬಯಲು ಸೀಮೆಯಲ್ಲಿ ಮನೆಯ ನೆತ್ತಿಯ ಮೇಲಿನ ಕಬ್ಬಿಣದ ಕಂಬವೇ ಎತ್ತರದ ವಸ್ತು. ಸಿಡಿಲು ಅದರ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ಗಿಡಕ್ಕೋ ವಿದ್ಯುತ್ ಕಂಬಕ್ಕೋ ಬಡಿದರೂ ಅದರ ಸೆಳೆತವು ಕೇಬಲನ್ನು ಹಿಡಿದು ಒಳಗೆ ಬರುವದು. ಕೇಬಲ್ ಬೆಳಕಿಂಡಿಯಿಂದ ಇಳಿದು ಒಣಗಿದ ಜಂತಿ-ತೊಲೆಗಳ ಮಗ್ಗುಲಲ್ಲಿ ಹಾದು ಹೋಗಿದ್ದರೆ ಯಂತ್ರ ಸುಡುವದಷ್ಟೇ ಅಲ್ಲ, ಮನೆಗೂ ಕಿಚ್ಚು ಹತ್ತಬಹುದು.

ಭೂಸಂಪರ್ಕದ ತತ್ವವು ಸರಳ: ಇಂಥ ವಿದ್ಯುತ್ತಿಗೆ ಮನೆಯೊಳಗಿನ ದಾರಿಗಿಂತ ಹೊರಗಿನ ದಾರಿ ಸುಲಭವಾಗಿರಬೇಕು. ಆದರೆ ಎರೆ ಸೀಮೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಎರೆ ಮಣ್ಣಿನಲ್ಲಿ ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಜಿಗುಟು ಅಂಶವು ಹೆಚ್ಚು. ಹಸಿಯಿದ್ದಾಗ ಇದರಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುವ ಮಣ್ಣು ವಿರಳ. ಬೇಸಿಗೆಯಲ್ಲಿ ಅದೇ ನೆಲ ಒಂದು ಮೀಟರಿನ ಆಳಕ್ಕೂ ಬಿರಿಯುವದು. ಹುಗಿದ ಸಳಿಯ ಸುತ್ತಲೂ ಮಣ್ಣು ಸರಿದು ಬರಿಯ ಗಾಳಿ ಉಳಿಯುವದು. ಸಿಡಿಲಿನ ಕಾಲವೂ ನೆಲ ಬಿರಿಯುವ ಕಾಲವೂ ಒಂದೇ ಆಗಿರುವದು ನಮ್ಮ ದುರ್ದೈವ. ಆದಕಾರಣ ಎರಡು-ಮೂರು ಫೂಟು ಸಳಿ ಬಡಿದು ಅರ್ಥಿಂಗ್ ಆಯಿತೆನ್ನುವದು ಕೇವಲ ಸಮಾಧಾನದ ಮಾತು. ಐಎಸ್ 3043 ಎಂಬ ಭಾರತೀಯ ಮಾನಕದಂತೆ ಸತುವಿನ ಲೇಪವಿದ್ದ ಕೊಳವೆಯು ಒಳವ್ಯಾಸದಲ್ಲಿ 38 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ, ಉದ್ದದಲ್ಲಿ 2.5 ಮೀಟರಿಗೆ ಕಡಿಮೆಯಿಲ್ಲದಂತೆ ಇರಬೇಕು. ಅಷ್ಟು ಆಳದಲ್ಲಿ ಬೇಸಿಗೆಯಲ್ಲಿಯೂ ತಂಪು ಉಳಿದಿರುವದು. ಕೆಳಗೆ ಬೇಗನೆ ಗರಸು ಅಥವಾ ಕಲ್ಲು ಹತ್ತಿದರೆ ಲೇಪವಿದ್ದ ಪಟ್ಟಿಯನ್ನು ಅಡ್ಡಲಾಗಿ, ಸಾಧ್ಯವಿದ್ದಷ್ಟು ಆಳದ ಕಾಲುವೆಯಲ್ಲಿ ಹುಗಿಯಬಹುದು.

ಸ್ಥಳವೆಂದರೆ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆಯೇ ಲೇಸು. ಕೊಳವೆಯ ಬಾಯಿಗೆ ಆಲಿಕೆಯಿಟ್ಟು ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕಬೇಕು. ಉಪ್ಪು-ಇದ್ದಲಿಯ ಪದರು ಹಾಕುವ ಹಳೆಯ ಪದ್ಧತಿಯು ಕೆಟ್ಟದ್ದೇನಲ್ಲ. ಆದರೆ ಊರ ಹೆಸರಿನಲ್ಲಿ ಉಪ್ಪಿದ್ದರೂ ಕೊಳವೆಗೆ ಉಪ್ಪು ಹಿತಕರವಲ್ಲ. ಅದು ಕಬ್ಬಿಣವನ್ನು ತಿನ್ನುವದು, ಮಳೆಯಲ್ಲಿ ಕರಗಿ ಹೋಗುವದು. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಅಗೆದು ನೋಡಬೇಕು. ನಲ್ಲಿಯ ಕೊಳವೆಗೆ ತಂತಿ ಸುತ್ತುವವರೂ ಉಂಟು. ಈಗಿನ ನಲ್ಲಿಗಳ ಕೊಳವೆಗಳು ಪ್ಲಾಸ್ಟಿಕ್ಕಿನವು. ಅವುಗಳಿಂದ ಭೂಮಿಗೆ ಏನೂ ಮುಟ್ಟುವದಿಲ್ಲ.

ದನಕರುಗಳಿದ್ದವರು ಇನ್ನೊಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಸಿಡಿಲಿನ ವಿದ್ಯುತ್ತು ನೆಲಕ್ಕಿಳಿದಾಗ ಗುಂಡಿಯ ಹತ್ತಿರ ನೆಲದ ವೋಲ್ಟೇಜು ಹೆಜ್ಜೆ ಹೆಜ್ಜೆಗೂ ಬೇರೆಯಾಗಿರುವದು. ಎತ್ತಿನ ಮುಂಗಾಲು-ಹಿಂಗಾಲುಗಳ ನಡುವಿನ ಅಂತರವು ಮನುಷ್ಯನ ಹೆಜ್ಜೆಗಿಂತ ದೊಡ್ಡದು. ವಿದ್ಯುತ್ತು ಕಾಲಿನಿಂದ ಕಾಲಿಗೆ ಎದೆಯ ಮೂಲಕವೇ ಹಾಯುವದು. ಮನುಷ್ಯನು ಬದುಕಿ ಉಳಿದ ಕಡೆಯಲ್ಲಿಯೂ ಎತ್ತು ಸಾಯುವದಕ್ಕೆ ಇದೇ ಕಾರಣ. ಆದ್ದರಿಂದ ಅರ್ಥಿಂಗಿನ ಗುಂಡಿಯು ದನ ಕಟ್ಟುವ ಸ್ಥಳದಿಂದಲೂ ಕಣಕಿಯ ಬಣವಿಯಿಂದಲೂ ದೂರವಿರತಕ್ಕದ್ದು.

ಎಲ್ಲಕ್ಕೂ ಹೆಚ್ಚು ತಪ್ಪು ನಡೆಯುವದು ಮುಂದಿನ ವಿಷಯದಲ್ಲಿ. ಡಿಶ್‌ಗೆ ಬೇರೆ ಗುಂಡಿ, ಮೀಟರಿನ ಹಲಗೆಗೆ ಬೇರೆ ಗುಂಡಿ ಮಾಡಿ ಎರಡನ್ನೂ ಬಿಡಿಬಿಡಿಯಾಗಿ ಇಡುವರು. ಎರಡಿದ್ದರೆ ಇನ್ನೂ ಭದ್ರವೆಂಬ ಭಾವನೆ. ಲೆಕ್ಕ ಹಾಕಿ ನೋಡಬೇಕು. ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಪ್ರವಾಹವಿರುವದು. ಅದರ ಹತ್ತನೆಯ ಒಂದು ಪಾಲು, 3,000 ಆಂಪಿಯರ್, ಡಿಶ್‌ನ ಗುಂಡಿಗೆ ಇಳಿಯಿತೆಂದೂ ಆ ಗುಂಡಿಯ ತಡೆಯು 10 ಓಮ್ ಎಂದೂ ತಿಳಿದರೆ ಗುಂಡಿಯೂ ಕಂಬವೂ ಕೇಬಲಿನ ಬಲೆಯೂ ಒಮ್ಮೆಲೆ 30,000 ವೋಲ್ಟಿಗೆ ಏರುವವು. ಮೀಟರಿನ ಗುಂಡಿಯಾದರೋ ಮೊದಲಿನಂತೆಯೇ ಇರುವದು. ಈ ಎರಡೂ ಕೂಡುವ ಸ್ಥಳವು ಟೀವಿಯ ಪೆಟ್ಟಿಗೆ. ಕಿಡಿ ಹಾರುವದು ಅಲ್ಲಿಯೇ. ಎರಡು ಗುಂಡಿಗಳನ್ನು ದಪ್ಪ ತಂತಿಯಿಂದ ಒಂದಕ್ಕೊಂದು ಜೋಡಿಸಿದರೆ ಎರಡೂ ಕೂಡಿಯೇ ಏರಿ ಕೂಡಿಯೇ ಇಳಿಯುವವು, ಟೀವಿಯ ಮೇಲೆ ಬೀಳುವ ಹೊರೆ ಬಹಳ ಕಡಿಮೆಯಾಗುವದು. ಆದ್ದರಿಂದ ಒಂದೇ ಗುಂಡಿಯಿರಲಿ, ಇಲ್ಲವೆ ಇದ್ದವುಗಳೆಲ್ಲ ಜೋಡಿಸಿದವುಗಳಿರಲಿ. ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗ್ ಎಂದು ಕಂಬಕ್ಕೆ ಕಟ್ಟುವದು ಮಾತ್ರ ಪ್ರಾಣಾಪಾಯದ ಕೆಲಸ. ಆ ತಂತಿಯು ಎಲ್ಲಿಯಾದರೂ ಹರಿದರೆ ಕಂಬವೇ ವಿದ್ಯುನ್ಮಯವಾಗುವದು.

ಕಂಬದಿಂದ ಗುಂಡಿಗೆ ಹೋಗುವ ತಂತಿಯು ತಾಮ್ರದ್ದಾದರೆ 16 ಚದರ ಮಿಲಿಮೀಟರಿನದು, ಕಬ್ಬಿಣದ್ದಾದರೆ 50 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ್ದಾಗಿರಬೇಕು. 25 ಮಿಲಿಮೀಟರು ಅಗಲ, 3 ಮಿಲಿಮೀಟರು ದಪ್ಪದ ಲೇಪದ ಪಟ್ಟಿಯು ಸಾಕು. ಅದು ಗೋಡೆಯ ಹೊರಮೈಯಲ್ಲಿ ನೆಟ್ಟಗೆ ಇಳಿಯಬೇಕು. ಸುರುಳಿ ಸುತ್ತಬಾರದು, ಚೂಪಾಗಿ ಮಣಿಸಬಾರದು. ಕೇಬಲ್ ಮನೆಯನ್ನು ಹೊಗುವ ಸ್ಥಳದಲ್ಲಿ ಅದರ ಹೊರಬಲೆಯನ್ನು ಹಿಡಿಯುವ ಸಣ್ಣ ಲೋಹದ ಗಟ್ಟಿಯೊಂದನ್ನು ಕೂಡಿಸಿ ಅದನ್ನೂ ಇದೇ ತಂತಿಗೆ ಸೇರಿಸಬೇಕು. ಬಣ್ಣ ಬಳಿದ ಕಂಬದ ಮೇಲೆ ತಂತಿ ಸುತ್ತಿದರೆ ಸಂಪರ್ಕವಾಗದು. ಬಣ್ಣ ಕೆರೆದು ಬೋಲ್ಟಿನಿಂದ ಬಿಗಿಯಬೇಕು.

ಇಷ್ಟೆಲ್ಲ ಮಾಡಿದರೂ ನೇರವಾಗಿ ಬಿದ್ದ ಸಿಡಿಲಿನಿಂದ ಯಂತ್ರವು ಉಳಿಯುವದೆಂಬ ಭರವಸೆಯಿಲ್ಲ. ಮುಗಿಲು ಕಪ್ಪಾದ ಕೂಡಲೆ ಪ್ಲಗ್ಗನ್ನೂ ಡಿಶ್‌ನ ಕೇಬಲನ್ನೂ ಕಿತ್ತು ಬೇರೆ ಬೇರೆ ಇಡುವದೇ ನಿಜವಾದ ಉಪಾಯ. ಗುಡುಗು ಪ್ರಾರಂಭವಾದ ಮೇಲೆ ಕೇಬಲನ್ನು ಮುಟ್ಟಬಾರದು, ಡಿಶ್ ತಿರುಗಿಸಲು ಮಾಳಿಗೆ ಹತ್ತಲೇಬಾರದು. ಮಿಂಚು ಕಂಡು 30 ಎಣಿಸುವದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆಯೆಂದು ತಿಳಿಯತಕ್ಕದ್ದು. ಮೊಬೈಲ್ ಇದ್ದವರಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ಯಿಂದಲೂ ಸಿಡಿಲಿನ ಮುನ್ಸೂಚನೆ ದೊರೆಯುವದು.

ಊರ ಹಿರಿಯರು ತಮ್ಮ ಮನೆಗಳಲ್ಲದೆ ಶಾಲೆ, ಪಂಚಾಯತಿ ಕಚೇರಿ, ಹಾಲಿನ ಸಂಘ ಇವುಗಳ ಡಿಶ್‌ಗಳನ್ನೂ ಪರವಾನಿಗೆಯುಳ್ಳ ವೈರಮನ್‌ನಿಂದ ಅಳತೆ ಮಾಡಿಸಬೇಕು. ಶ್ರಾವಣದಲ್ಲಿ ನೆಲ ತೊಯ್ದಾಗ ಅಳೆದರೆ ಯಾವ ಗುಂಡಿಯೂ ಒಳ್ಳೆಯದೆಂದೇ ಕಾಣುವದು. ಅಳೆಯತಕ್ಕ ಕಾಲವೆಂದರೆ ಯುಗಾದಿಯ ಸುಮಾರಿಗೆ, ನೆಲ ಬಿರಿದಾಗ, ಅಶ್ವಿನಿ ಮಳೆಗೆ ಮುಂಚೆ.