ತಂಪಿನ ಯಂತ್ರಕ್ಕೂ ಆರೈಕೆ ಬೇಕು

ನುಗ್ಗೇಹಳ್ಳಿಯ ಬೇಸಗೆಯಲ್ಲಿ ನಮಗೆ ಬೀಸಣಿಗೆಯೊಂದಿದ್ದರೆ ಸಾಕು. ಗಣಕಯಂತ್ರಗಳಿಗೆ ಅದು ಸಾಲದು. ನಮ್ಮ ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವನ್ನು ತಾವು ಬಲ್ಲಿರಿ. ಇಂತಹ ಕಡೆಗಳಲ್ಲಿ ಗಣಕಗಳು ಹಗಲಿರುಳೂ ದುಡಿಯುತ್ತವೆ, ಹಗಲಿರುಳೂ ಬಿಸಿಯಾಗುತ್ತವೆ. ಅವಕ್ಕೆ ಒದಗುವ ಗಾಳಿ ಸಾಮಾನ್ಯವಾಗಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ತೇವ ಹೆಚ್ಚಿದರೆ ಲೋಹ ಕಿಲುಬುವುದು; ತೀರ ಕಡಮೆಯಾದರೆ ಸ್ಥಿರವಿದ್ಯುತ್ತಿನ ಕಿಡಿ ಹಾರುವುದು. ಈ ಹದವನ್ನು ಕಾಯುವುದೇ ವಿಶೇಷ ವಾತಾನುಕೂಲ ಯಂತ್ರದ ಕೆಲಸ.

ಇದರ ಮೊದಲ ಶತ್ರು ಧೂಳು. ರಾಗಿ ಕಣದ ಹೊಟ್ಟು, ತೆಂಗಿನ ನಾರಿನ ಪುಡಿ ಹಾರಾಡುವ ನಮ್ಮ ಸೀಮೆಯಲ್ಲಂತೂ ಗಾಳಿಯನ್ನು ಸೋಸುವ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಕುಗ್ಗಿದರೆ ತಂಪಿನ ಸುರುಳಿಯ ಮೇಲೆ ಮಂಜುಗಡ್ಡೆ ಕೂರುತ್ತದೆ; ಕೋಣೆ ಬಿಸಿಯಾಗುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಜಾಲರಿಯನ್ನು ನೋಡಿ, ಕಟ್ಟಿದ್ದರೆ ಬದಲಿಸಬೇಕು. ಶಾಖವನ್ನು ಹೊರಬಿಡುವ ಸುರುಳಿಯನ್ನು, ವಿದ್ಯುತ್ತು ನಿಲ್ಲಿಸಿ, ತೊಳೆಯಬೇಕು. ನೀರು ಹರಿದುಹೋಗುವ ನಳಿಕೆ ಕಟ್ಟಿದರೆ ನೆಲವೆಲ್ಲ ಒದ್ದೆ. ತೇವ ಒದಗಿಸುವ ಆವಿಪಾತ್ರೆಯಲ್ಲಿ ಗಡಸು ನೀರು, ನಮ್ಮ ಬಚ್ಚಲ ಹಂಡೆಯಲ್ಲಿ ಮಾಡುವಂತೆಯೇ, ಸುಣ್ಣದ ಹಕ್ಕಳೆ ಕಟ್ಟುತ್ತದೆ, ಅದನ್ನೂ ತೆಗೆಯಬೇಕು.

ದಿನವೂ ಉಷ್ಣತೆ, ತೇವಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ಯಂತ್ರ ಕೆಡುವ ಮೊದಲೇ ಸುಳಿವು ಸಿಗುತ್ತದೆ. ಬ್ಯಾಂಕಿನ ಲೆಕ್ಕ, ದೂರವಾಣಿಯ ಮಾತು ಇಂಥ ಕೋಣೆಗಳನ್ನೇ ನೆಚ್ಚಿವೆ. ಅಲ್ಲಿ ಯಂತ್ರ ನಿಂತ ಮೇಲೆ ರಿಪೇರಿಗೆ ಓಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.