ಹೊಲದಿಂದ ಮೈಗೆ ಬಂದ ಅರಿಷಿಣ

ಭಾರತ ಹುಣ್ಣಿಮೆಗೆ ಚಿಂಚಲಿಗೆ ಹೋದವರು ಹಳದಿ ಮೈಯಲ್ಲೇ ಮನೆಗೆ ಮರಳುತ್ತಾರೆ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಈ ಊರಿನ ಮಾಯಕ್ಕದೇವಿ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಬಂದವರು ಮುಷ್ಟಿ ತುಂಬ ಭಂಡಾರ, ಅಂದರೆ ಅರಿಷಿಣದ ಪುಡಿ, ತೂರುತ್ತಾರೆ. ಗುಡಿಯ ಮೆಟ್ಟಿಲು, ಎತ್ತಿನ ಕೋಡು, ಮಕ್ಕಳ ಕಿವಿಯ ಹಿಂದಿನ ಸಂದು, ಎಲ್ಲವೂ ಹಳದಿ. ಕಾಗವಾಡ ಸೀಮೆಯ ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಗೆ ಹೋದರೂ ಇದೇ ಭಂಡಾರ, ಇದೇ ಬಣ್ಣ. ಜಾತ್ರೆ ನಡೆಯುವ ಆ ದಿನಗಳಲ್ಲೇ ಕೃಷ್ಣೆಯ ದಂಡೆಯ ಹೊಲಗಳಲ್ಲಿ ಅರಿಷಿಣದ ಅಗೆತವೂ ನಡೆದಿರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ಸಕ್ಕರೆ ಕಾರ್ಖಾನೆ, ನಿಪ್ಪಾಣಿಯ ತಂಬಾಕು. ನನಗೆ ಮೊದಲು ನೆನಪಾಗುವುದು ನಮ್ಮ ಬಚ್ಚಲ ಗೂಡಿನಲ್ಲಿದ್ದ ಹಿತ್ತಾಳೆಯ ಡಬ್ಬಿ. ಅದರಲ್ಲಿ ಮೈಗೆ ಹಚ್ಚುವ ಪುಡಿ ಇರುತ್ತಿತ್ತು. ಮನೆಗೆ ಸಾಬೂನು ಬಂದು ಎಷ್ಟೋ ವರ್ಷಗಳಾದ ಮೇಲೂ ಆ ಡಬ್ಬಿ ಖಾಲಿಯಾದದ್ದನ್ನು ನಾನು ಕಾಣಲಿಲ್ಲ. ಮನೆಯಲ್ಲೇ ಚರ್ಮದ ಆರೈಕೆಯ ಪುಡಿ, ಎಣ್ಣೆ ಮಾಡಿಕೊಳ್ಳುವ ಈ ವಿದ್ಯೆಗೆ ನಮ್ಮ ಕಡೆ ಪ್ರತ್ಯೇಕ ಹೆಸರಿಲ್ಲ. ಅದು ಅಡುಗೆಯ ಜೊತೆಗೇ ಕೈಯಿಂದ ಕೈಗೆ ಬಂದದ್ದು, ಮತ್ತು ಅದು ಶುರುವಾಗುವುದು ಹೊಲದಲ್ಲಿ.

ಮೇ ತಿಂಗಳ ಕೊನೆ, ಜೂನ್ ಹೊತ್ತಿಗೆ ನಾಟಿ ಮಾಡಿದ ಅರಿಷಿಣ ಎಂಟೊಂಬತ್ತು ತಿಂಗಳು ನೆಲದಲ್ಲಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅಗೆತ. ಅಗೆದ ಗಡ್ಡೆಯನ್ನು ಕುದಿಸಬೇಕು. ಹಿಂದೆ ಬೆಲ್ಲದ ಕೊಪ್ಪರಿಗೆಯಂಥ ದೊಡ್ಡ ಕಡಾಯಿಯಲ್ಲಿ ಕುದಿಸುತ್ತಿದ್ದರು, ಈಗ ಹಬೆಯ ಯಂತ್ರ ಬಂದಿದೆ. ಮೇಲೆ ನೊರೆ ಬಂದು, ಬಿಳಿ ಹಬೆಯ ಜೊತೆ ಅರಿಷಿಣದ ಘಮ ಎದ್ದಾಗ ಒಂದು ಕೊಂಬನ್ನು ತೆಗೆದು ಕಸಬರಿಗೆ ಕಡ್ಡಿಯಿಂದ ಚುಚ್ಚಿ ನೋಡುತ್ತಾರೆ. ಕಡ್ಡಿ ಸಲೀಸಾಗಿ ಇಳಿದರೆ ಹದ ಬಂದಿತು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದ ಮೇಲೆ ಪುಡಿಪುಡಿಯಾಗುತ್ತದೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲು. ಐದು ಕ್ವಿಂಟಲ್ ಹಸಿ ಗಡ್ಡೆ ಒಣಗಿ ಹೆಚ್ಚೂಕಡಿಮೆ ಒಂದು ಕ್ವಿಂಟಲ್‌ಗೆ ಇಳಿಯುತ್ತದೆ. ಚೀಲ ತುಂಬಿದ್ದು ಸಾಂಗ್ಲಿಯ ಪೇಟೆಗೆ ಹೋಗುತ್ತದೆ. ಅಲ್ಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಾಂಗ್ಲಿಗೆ ಹತ್ತಿದ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಪೇವುಗಳಲ್ಲಿ ಕಾಪಿಡುತ್ತಿದ್ದರು. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಒಡಹುಟ್ಟು ಅದು. 2005ರ ಕೃಷ್ಣೆಯ ಮಹಾಪೂರಕ್ಕೆ ಅವುಗಳಲ್ಲಿ ಎಷ್ಟೋ ಹಾಳಾದವು. 2019ರಲ್ಲಿ ನದಿ ಮತ್ತೆ ಉಕ್ಕಿ ಈ ಐದೂ ತಾಲ್ಲೂಕುಗಳ ಹೊಲಗಳಿಗೆ ನುಗ್ಗಿತು. ಅರಿಷಿಣ ನಿಂತ ನೀರನ್ನು ತಾಳುವ ಬೆಳೆಯಲ್ಲ, ನೆಲದಲ್ಲೇ ಕೊಳೆಯುತ್ತದೆ. ಡಬ್ಬಿಯ ಪುಡಿಯ ಹಿಂದೆ ರೈತನ ಇಷ್ಟು ಪಾಡು ಇದೆ.

ಅರಿಷಿಣ ಪೇಟೆಗೆ ಹೋಗುವ ಮುನ್ನ ಮನೆಯ ಹೆಣ್ಣುಮಕ್ಕಳು ತಮ್ಮ ಪಾಲು ತೆಗೆದಿಡುತ್ತಾರೆ. ಸಾರಿಗೆ ಬೇರೆ, ಮೈಗೆ ಬೇರೆ.

ಮೈಗೆ ಹಚ್ಚುವ ಪುಡಿಯನ್ನು ನಿಪ್ಪಾಣಿ, ಚಿಕ್ಕೋಡಿ ಕಡೆ ಮರಾಠಿಯ ಸಂಗದಿಂದ ‘ಉಟಣೆ’ ಎನ್ನುವುದುಂಟು. ದೀಪಾವಳಿಯ ನರಕ ಚತುರ್ದಶಿಯಂದು ಬೆಳಗಿನ ಜಾವ ಎಣ್ಣೆ ಹಚ್ಚಿ, ಮೇಲೆ ಉಟಣೆ ತಿಕ್ಕಿ, ಹಂಡೆಯ ಬಿಸಿನೀರು ಹಾಕಿಸಿಕೊಳ್ಳದ ಮಕ್ಕಳಿಲ್ಲ. ನಮ್ಮ ಆಯಿಯ ಅಳತೆ ಹೀಗಿತ್ತು: ಕಡಲೆಬೇಳೆ ಅರ್ಧ ಕಿಲೋ, ಹೆಸರುಕಾಳು ಅರ್ಧ ಕಿಲೋ, ಅರಿಷಿಣದ ಕೊಂಬು ಒಂದು ಹಿಡಿ, ಅಂಬೆಹಳದಿ ಒಂದು ಹಿಡಿ, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಎರಡು ಹಿಡಿ, ಗುಲಾಬಿ ಎಸಳು, ಕಚೋರ, ಲಾವಂಚದ ಬೇರು. ಅಂಬೆಹಳದಿ ಎಂದರೆ ಮಾವಿನಶುಂಠಿ. ಮುರಿದರೆ ಮಾವಿನಕಾಯಿಯ ವಾಸನೆ, ಬಣ್ಣ ತೀರ ತಿಳಿ. ಮೈಗೆ ಹಳದಿ ಹಿಡಿಯಬಾರದು ಎನ್ನುವವರು ಅರಿಷಿಣ ತಗ್ಗಿಸಿ ಅದನ್ನೇ ಹೆಚ್ಚು ಹಾಕುತ್ತಾರೆ. ಕಚೋರ, ಲಾವಂಚ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಅಲ್ಲಿ ಬಾವಂಚಿಯೂ ಸಿಗುತ್ತದೆ, ಕೆಲವರು ಕೇಳದೆಯೇ ಅದನ್ನೂ ಕಟ್ಟಿಕೊಡುತ್ತಾರೆ. ಬೇಡ ಎನ್ನಿ. ಬಾವಂಚಿಯಲ್ಲಿರುವ ಸೋರಾಲೆನ್ ಎಂಬ ಅಂಶ ಚರ್ಮವನ್ನು ಬಿಸಿಲಿಗೆ ಸುಲಭವಾಗಿ ಸುಡುವಂತೆ ಮಾಡುತ್ತದೆ. ತೊನ್ನಿಗೆ ವೈದ್ಯರು ಕೊಡುವ ವಸ್ತು ಅದು, ದಿನದ ಸ್ನಾನಕ್ಕಲ್ಲ.

ಎಲ್ಲವನ್ನೂ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆ ಗಿರಣಿಯ ಮಾತು. ಆಯಿ ಚೀಲ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ, "ಇದಕ್ಕಿಂತ ಮುಂದ ಏನ ಬೀಸಿರಿ?" ಎಂಬುದು. ಖಾರ ಬೀಸಿದ್ದರೆ ಮರಳಿ ಬರುತ್ತಿದ್ದಳು. "ಖಾರಾ ಬೀಸಿದ್ರಾಗ ಇದನ್ನ ಹಾಕಿದ್ರ ಕೂಸಿನ ಮೈ ಉರಿತೈತಿ" ಎನ್ನುತ್ತಿದ್ದಳು. ಜೋಳವೋ ಗೋಧಿಯೋ ಬೀಸಿದ ಮೇಲೆ, ಮೊದಲು ಒಂದು ಸೇರು ಕಡಲೆ ಹಾಕಿಸಿ ಆ ಹಿಟ್ಟನ್ನು ಬೇರೆ ತೆಗೆದಿಟ್ಟು, ಆಮೇಲೆ ತನ್ನದನ್ನು ಹಾಕಿಸುವಳು. ಮನೆಗೆ ತಂದು ತೆಳು ಪಂಚೆಯಲ್ಲಿ ಎರಡು ಸಲ ಸೋಸುವಳು. ಬೆರಳ ನಡುವೆ ಉಜ್ಜಿದರೆ ಮರಳಿನಂತೆ ತಾಗಬಾರದು, ವಿಭೂತಿಯಂತೆ ಜಾರಬೇಕು. ಇಂದು ಮಿಕ್ಸರಿನಲ್ಲಿ ಮಾಡಿಕೊಳ್ಳುವವರು ಈ ಸೋಸುವ ಕೆಲಸವನ್ನೇ ಬಿಡುತ್ತಾರೆ. ಅರಿಷಿಣದ ಕೊಂಬಿನ ಚೂಪು ಚೂರು ಮುಖದ ಚರ್ಮವನ್ನು ಗೀರುತ್ತದೆ, ಮನೆಮದ್ದು ಆಗಿಬರಲಿಲ್ಲ ಎಂಬ ದೂರು ಆಗ ಹುಟ್ಟುತ್ತದೆ.

ಕಲಸುವುದಕ್ಕೆ ಬರೀ ನೀರು ಸಾಲದು. ಹಾಲಿನ ಕೆನೆ, ಇಲ್ಲವೇ ಮೊಸರು, ಒಣಚರ್ಮದವರಿಗೆ ಒಂದು ಚಮಚ ಎಳ್ಳೆಣ್ಣೆ. ಇದರ ಹಿಂದಿನ ಕಾರಣ ರಸಾಯನಶಾಸ್ತ್ರದ್ದು. ಅರಿಷಿಣದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕೆನೆ ಹಾಕುವ ನಮ್ಮ ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಹಚ್ಚಿದ್ದು ಪೂರ್ತಿ ಒಣಗಿ ಚರ್ಮ ಬಿಗಿಯುವ ತನಕ ಬಿಡಬಾರದು. ಅಂಚು ಒಣಗಲು ಶುರುವಾದಾಗ ಕೈಗೆ ನೀರು ಮುಟ್ಟಿಸಿಕೊಂಡು ಮೆಲ್ಲಗೆ ತಿಕ್ಕಿ ತೊಳೆಯಬೇಕು. "ಏನ ಹಚ್ಚತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ, ಯಾವಾಗ ತೊಳಿಬೇಕ ಅನ್ನೂದು ಕಲಿ" ಎಂದು ಆಯಿ ನನಗೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಎಣ್ಣೆ ಕಾಯಿಸುವುದು ಇನ್ನೂ ಸೂಕ್ಷ್ಮದ ಕೆಲಸ. ಮಳೆಗಾಲದಲ್ಲಿ ಗದ್ದೆ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿಗೆ, ಕಬ್ಬಿನ ರವುದಿ ಗೀರಿದ ಮುಂಗೈಗೆ, ಬಾಣಂತಿಯ ಮೈಗೆ ಬೇವು, ಅರಿಷಿಣ ಹಾಕಿ ಕಾಯಿಸಿದ ಎಣ್ಣೆ ನಮ್ಮಲ್ಲಿ ರೂಢಿ. ಆಯುರ್ವೇದದ ಗ್ರಂಥಗಳು ತೈಲಪಾಕಕ್ಕೆ ಕೊಡುವ ಅಳತೆ ನೆನಪಿಡಲು ಸುಲಭ: ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಆರಬೇಕು. ಆರಿತೋ ಇಲ್ಲವೋ ಎಂದು ತಿಳಿಯಲು ತಳದ ಗಸಿಯನ್ನು ಎರಡು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ದೀಪಕ್ಕೆ ಹಿಡಿಯುತ್ತಾರೆ. ಚಟಪಟ ಸಿಡಿದರೆ ನೀರು ಉಳಿದಿದೆ. ಸದ್ದಿಲ್ಲದೆ ಉರಿದರೆ ಇಳಿಸಬಹುದು. ನೀರು ಉಳಿದ ಎಣ್ಣೆ ಕೆಲವೇ ದಿನಗಳಲ್ಲಿ ಕೆಡುತ್ತದೆ, ಬೂಸು ಹಿಡಿಯುತ್ತದೆ. ಹೀಗೆ ಕೆಟ್ಟದ್ದನ್ನು ಒಡೆದ ಚರ್ಮಕ್ಕೆ ಹಚ್ಚಿದರೆ ಗುಣಕ್ಕಿಂತ ಹಾನಿ ಹೆಚ್ಚು.

ಹದದ ಮಾತು ಬಂದಾಗ ಅಥಣಿಯನ್ನು ನೆನೆಯದಿರಲಾರೆ. ಅಲ್ಲಿಯ ಕೊಲ್ಹಾಪುರಿ ಚಪ್ಪಲಿ ಕುಶಲಕರ್ಮಿಗಳು ಹೊಲಿಯುವ ತೊಗಲು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದವಾದದ್ದು. ಅದೇ ಅಳಲೆಕಾಯಿ ತ್ರಿಫಲೆಯ ಮೂರರಲ್ಲಿ ಒಂದು, ಅದರ ಕಷಾಯದಿಂದ ಮುಖ ತೊಳೆಯುವವರಿದ್ದಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಬಂದಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ತೊಗಲಿನ ಗುಣ ಬಲ್ಲವರ ಊರು ಅಥಣಿ.

ಮದುವೆಯ ಅರಿಷಿಣದ ಬಗ್ಗೆ ಎಲ್ಲರಿಗೂ ಗೊತ್ತು. ಸುರಗಿಯ ನೀರಿಗೆ ಮುಂಚೆ ಮುತ್ತೈದೆಯರು ಒನಕೆಗೆ ಪೂಜೆ ಮಾಡಿ, ಅರಿಷಿಣ ಕುಟ್ಟಿ, ಮದುಮಕ್ಕಳಿಗೆ ಹಚ್ಚುತ್ತಾರೆ. ಈಗ ಅದಕ್ಕೆ ಹಳದಿ ಪೆಂಡಾಲು, ಹಳದಿ ಬಟ್ಟೆ ಬಂದಿವೆ, ಬರಲಿ. ಆದರೆ ಹಚ್ಚುವ ಪುಡಿ ಅರಿಷಿಣದ್ದೇ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ಈ ಅಡುಗೆಮನೆಯ ತಿಳಿವು ಒಮ್ಮೆ ಅಮೆರಿಕದ ಪೇಟೆಂಟ್ ಕಚೇರಿಯ ತನಕ ಹೋಗಿತ್ತು. 1995ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಷಿಣದಿಂದ ಗಾಯ ಮಾಯಿಸುವ ವಿಧಾನಕ್ಕೆ 5,401,504 ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಆಗ ರಘುನಾಥ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1996ರಲ್ಲಿ ಅದನ್ನು ಪ್ರಶ್ನಿಸಿತು. ಇದು ಹೊಸದಲ್ಲ ಎಂದು ತೋರಿಸಲು ಹಳೆಯ ಗ್ರಂಥಗಳ ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಲೇಖನವೊಂದನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಬರೆದಿಟ್ಟ ಕಾಗದದಿಂದ. ನಮ್ಮ ಆಯಿಯಂಥವರ ಬಾಯಿಮಾತು ಅಲ್ಲಿ ಸಾಕ್ಷಿಯಾಗುತ್ತಿರಲಿಲ್ಲ. ಬೆಳಗಾವಿಯಲ್ಲೇ ಪಾರಂಪರಿಕ ವೈದ್ಯವನ್ನು ಅಭ್ಯಸಿಸುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯಿದೆ, ಆಯುರ್ವೇದ ಕಾಲೇಜಿದೆ. ಗಡಿಯ ಹಳ್ಳಿಗಳ ಮುದುಕಿಯರ ಅಳತೆ, ಹದಗಳನ್ನು ಅವರಿರುವಾಗಲೇ ಬರೆದಿಡುವ ಕೆಲಸ ಮನೆಯ ಮಕ್ಕಳಿಂದಲೂ ಆಗಬೇಕು.

ಮನೆಯದು ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಹುಟ್ಟಿದ ಕೂಸಿನ ಹೊಕ್ಕಳಬಳ್ಳಿಗೆ ಅರಿಷಿಣ, ಬೂದಿ ಏನನ್ನೂ ಹಚ್ಚಬೇಡಿ, ಅದನ್ನು ಒಣಗಿಸಿ ಸ್ವಚ್ಛವಾಗಿಟ್ಟರೆ ಸಾಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಯಾವ ಪುಡಿಯನ್ನೇ ಆಗಲಿ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯಿರಿ. ಅರಿಷಿಣವೂ ಕೆಲವರಿಗೆ ಆಗುವುದಿಲ್ಲ. ಹರಡುವ ತುರಿಕೆ, ಕೀವು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇದ್ದರೆ ಡಬ್ಬಿ ಮುಚ್ಚಿ ವೈದ್ಯರ ಹತ್ತಿರ ಹೋಗಿ. ಸ್ವಸಹಾಯ ಸಂಘದ ಅಕ್ಕತಂಗಿಯರು ಇಂಥ ಪುಡಿ, ಎಣ್ಣೆಗಳನ್ನು ಮಾರಲು ಮುಂದಾದರೆ ಮೊದಲು ತಯಾರಿಕೆಯ ಪರವಾನಗಿ ಪಡೆಯಬೇಕು, ಮನೆಬಳಕೆಗೆ ಇರುವ ಸಲಿಗೆ ಮಾರಾಟಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಲಬೆರಕೆ. ಹಳದಿ ಹೆಚ್ಚು ಹೊಳೆಯಲಿ ಎಂದು ಅರಿಷಿಣಕ್ಕೆ ಬೆರೆಸುವ ಲೆಡ್ ಕ್ರೋಮೇಟ್‌ನಲ್ಲಿ ಸೀಸವಿರುತ್ತದೆ, ಅದು ಮಕ್ಕಳ ಮಿದುಳಿಗೆ ವಿಷ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕದೆ ಬಿಡಿ. ಒಳ್ಳೆಯ ಅರಿಷಿಣ ತಳಕ್ಕಿಳಿದು ನೀರು ತಿಳಿ ಹಳದಿಯಾಗುತ್ತದೆ. ನೀರು ಗಾಢ ಹಳದಿಯಾದರೆ ಆ ಪುಡಿ ಅಡುಗೆಗೂ ಬೇಡ, ಮೈಗೂ ಬೇಡ. ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಸೀಮೆಯವರಿಗೆ ಕೈಯಳತೆಯಲ್ಲೇ ಇದೆ. ಈ ಸಲ ಅಗೆತ ಮುಗಿದು ಕಣದಲ್ಲಿ ಅರಿಷಿಣ ಒಣಗಿದಾಗ, ಪರಿಚಯದ ರೈತರ ಮನೆಯಿಂದ ಎರಡು ಕಿಲೋ ಕೊಂಬನ್ನೇ ಕೊಂಡು ತನ್ನಿ. ಗಿರಣಿಯ ಬಾಗಿಲಲ್ಲಿ ನಿಂತು, ಇದಕ್ಕೆ ಮುಂಚೆ ಏನು ಬೀಸಿದಿರಿ ಎಂದು ಕೇಳುವುದನ್ನು ಮರೆಯಬೇಡಿ.